ಗೋಡೆ ಇಲ್ಲದ ಕಡೆ ನೂಲು

ನನ್ನ ಕೋಣೆಯ ಕಿಟಕಿಯಿಂದ ಒಂದು ಕೋಟೆಗೋಡೆ ಕಾಣುತ್ತದೆ ಎಂದು ಕಾಲೇಜಿನ ಗೆಳತಿಯರಿಗೆ ಹೇಳಿದ್ದಕ್ಕೆ ಅವರು ಫೋಟೋ ಕೇಳಿದರು. ಕಳಿಸಿದೆ. ಮಣ್ಣಿನದೊಂದು ಉದ್ದನೆಯ ದಿಬ್ಬ, ದಿಬ್ಬದ ಮೇಲೆ ಲಂಟಾನದ ಪೊದೆ, ಪೊದೆಯ ಮೇಲೆ ಯಾರೋ ಒಣಹಾಕಿದ ಬೆಡ್‌ಶೀಟು. ‘ಬೆಡ್‌ಶೀಟು ಕಾಣ್ತಿದೆ, ಕೋಟೆ ಎಲ್ಲಿ?’ ಎಂದು ಉತ್ತರ ಬಂತು. ಆ ಗುಂಪಿನಲ್ಲಿರುವವರೆಲ್ಲ ನನ್ನ ಜೊತೆ ಚರ್ಚಾಸ್ಪರ್ಧೆಗಳಿಗೆ ಊರೂರು ಸುತ್ತಿದವರು. ಆಧಾರವಿಲ್ಲದ ಮಾತನ್ನು ಹತ್ತಿರ ಸೇರಿಸುವವರಲ್ಲ. ನಾನೂ ಅಲ್ಲ. ಹಾಗಾಗಿ ಆ ಶನಿವಾರ ಬೆಳಿಗ್ಗೆ ಶೂ ಹಾಕಿಕೊಂಡು ಗೋಡೆ ಹತ್ತಿದೆ.

ಹೆಬ್ಬಗೋಡಿ ದಾಟಿ ಒಳಗೆ ತಿರುಗಿದರೆ ಸಿಗುವ ಹಳ್ಳಿ ಇದು. ಈಗ ಹಳ್ಳಿ ಎನ್ನುವುದಕ್ಕೆ ಅರಳಿಕಟ್ಟೆಯೊಂದೇ ಸಾಕ್ಷಿ. ಉಳಿದದ್ದೆಲ್ಲ ಬಾಡಿಗೆ ಕಟ್ಟಡ, ಪಿಜಿ, ನೀರಿನ ಟ್ಯಾಂಕರು. ಒಂದು ಕಾಲಕ್ಕೆ ಇಡೀ ಊರು ಒಂದು ಮಣ್ಣುಕೋಟೆಯ ಒಳಗಿತ್ತಂತೆ. ಕಟ್ಟಿಸಿದ ಪಾಳೇಗಾರನಿಗೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಯಾವುದಕ್ಕೂ ಆಧಾರವಿಲ್ಲ. ಗೋಡೆಗೆ ಹೊರಮೈಯಲ್ಲಿ ಕಲ್ಲು ಹೊದಿಸಿದ್ದರು. ಆ ಕಲ್ಲೆಲ್ಲ ಮನೆಗಳ ಪಾಯಕ್ಕೆ ಹೋಗಿದೆ. ಅಂದರೆ ಊರು ತನ್ನ ಕೋಟೆಯನ್ನು ತಾನೇ ತಿಂದು ಬೆಳೆದಿದೆ. ಕಂದಕ ಈಗ ಚರಂಡಿ. ಉಳಿದ ಗೋಡೆ ತುಂಡುತುಂಡಾಗಿ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಮುಳುಗುತ್ತದೆ. ಶಾಲೆಯ ಹಿಂದೆ ಆಳೆತ್ತರ ಇದೆ, ಅಪಾರ್ಟ್‌ಮೆಂಟಿನ ಒಳಗೆ ಒಂದು ಬುರುಜು ಇದೆ, ಕಾರ್ಖಾನೆಯ ಹಿಂದೆ ಅದರ ಬೆನ್ನೇರಿ ಕಾಂಪೌಂಡು ನಿಂತಿದೆ, ರಸ್ತೆ ಬಂದ ಕಡೆ ಏನೂ ಇಲ್ಲ, ಗುಜರಿ ಅಂಗಡಿಯ ಆಚೆ ಮತ್ತೆ ತಲೆ ಎತ್ತಿ ಕೆರೆಯ ಪಕ್ಕದಲ್ಲಿ ನಡೆದು ಹಳೆಯ ಬಾಗಿಲ ಹತ್ತಿರ ಮುಗಿಯುತ್ತದೆ.

ಪರೀಕ್ಷಿಸಲು ಹೋದವಳು ಅಭ್ಯಾಸಕ್ಕೆ ಬಿದ್ದೆ. ವಾರಾಂತ್ಯದ ಬೆಳಿಗ್ಗೆಗಳೆಲ್ಲ ಆ ಗೋಡೆಯ ಮೇಲೆಯೇ ಕಳೆದವು. ಚಳಿಗಾಲದಲ್ಲಿ ಕೆರೆಯ ಕಡೆಯಿಂದ ಮಂಜು ಬರುತ್ತದೆ. ಆಗ ದೂರದ ಗಾಜಿನ ಕಟ್ಟಡಗಳಿಗೆ ಬುಡ ಇರುವುದಿಲ್ಲ, ಮೇಲಿನ ಅಂತಸ್ತುಗಳು ಮಾತ್ರ ದೀಪ ಹೊತ್ತಿಸಿಕೊಂಡು ತೇಲುತ್ತಿರುತ್ತವೆ. ಕಾಲಡಿಯಲ್ಲಿ ಮಣ್ಣು ಮೆತ್ತಗೆ, ಪಕ್ಕದಲ್ಲಿ ಎಕ್ಕದ ಗಿಡಗಳು, ಎಲ್ಲೋ ಒಂದು ಹುಂಜ, ಎಲ್ಲೋ ಒಂದು ಶಿಫ್ಟಿನ ಸೈರನ್ನು. ನಡೆಯುತ್ತ ನಡೆಯುತ್ತ ನಾನು ಗೋಡೆಯ ಒಳಗಿದ್ದೇನೋ ಹೊರಗಿದ್ದೇನೋ ಮರೆತುಹೋಗುತ್ತಿತ್ತು. ಗೋಡೆಯ ಮೇಲಿದ್ದವರು ಎರಡೂ ಕಡೆ ಇರುವುದಿಲ್ಲ, ನಿಜ. ಎರಡೂ ಕಡೆ ಕಾಣುತ್ತದೆ, ಅದೂ ನಿಜ. ಇದನ್ನು ಯಾವ ವೇದಿಕೆಯಲ್ಲೂ ಅಂಶವಾಗಿ ಮಂಡಿಸಲಾಗುವುದಿಲ್ಲ.

ಪಕ್ಕದ ಕೋಣೆಯಲ್ಲಿ ವಿಜಯಪುರದ ಕಡೆಯ ಒಬ್ಬ ಅಕ್ಕ ಇದ್ದಾಳೆ. ಗಾರೆ ಕೆಲಸಕ್ಕೆ ಹೋಗುತ್ತಾಳೆ. ಒಂದು ಭಾನುವಾರ ಅವಳನ್ನೂ ಕರೆದುಕೊಂಡು ಹೋದೆ. ಬುರುಜು ಕಾಣುವವರೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಇದಕ್ಕ ಕೋಟಿ ಅಂತೀರೇನ? ನಮ್ಮೂರಾಗ ಎಮ್ಮಿ ಕಟ್ಟೂ ಗ್ವಾಡಿ ಇದಕಿಂತ ಎತ್ತರ ಐತಿ.’

ಗಾತ್ರದಿಂದ ಕೋಟೆಯ ಲಕ್ಷಣ ನಿರ್ಧಾರವಾಗುವುದಿಲ್ಲ ಎಂದು ನಾನು ವಾದ ಶುರುಮಾಡಿದೆ. ಅವಳು ಕಡಲೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿ, ನೀನು ಹೇಳುವುದೆಲ್ಲ ಖರೆ, ಆದರೆ ಎಮ್ಮೆ ಹಾರಿಹೋಗುವ ಗೋಡೆಯನ್ನು ವೈರಿ ಹಾರುವುದಿಲ್ಲವೇ ಎಂದು ಕೇಳಿದಳು. ಆ ವಾದ ಇನ್ನೂ ಮುಗಿದಿಲ್ಲ.

ಮಾರ್ಚ್ ಶುರುವಿನಲ್ಲಿ, ಯುಗಾದಿಗೆ ಇನ್ನೂ ದಿನ ಇರುವಾಗ, ನಮ್ಮ ಮನೆ ಓನರ್ ಆಂಟಿ ಮೆಟ್ಟಿಲ ಮೇಲೆ ನನ್ನನ್ನು ಹಿಡಿದರು. ಅವರ ಗಂಡ ಹೋದ ವರ್ಷ ತೀರಿಕೊಂಡರು. ಮೂರು ಅಂತಸ್ತಿನ ಬಾಡಿಗೆ ಕೋಣೆಗಳನ್ನೂ ಕೆಳಗಿನ ಹಸುವನ್ನೂ ನೋಡಿಕೊಂಡು ಅವರು ಒಬ್ಬರೇ ಇದ್ದಾರೆ. ನೀರಿನ ಮೋಟಾರಿನ ವಿಷಯಕ್ಕಿರಬಹುದು ಅಂದುಕೊಂಡೆ. ಅಲ್ಲ. ನಾನು ಗೋಡೆ ಮೇಲೆ ಓಡಾಡುವುದನ್ನು ಅವರು ಪ್ರತಿ ವಾರ ಹಸು ಕಟ್ಟುವ ಜಾಗದಿಂದ ನೋಡುತ್ತಿದ್ದರಂತೆ. ಭಾಷಣದಲ್ಲಿ ಬಹುಮಾನ ತೆಗೆದುಕೊಂಡವಳು ಎಂದು ಪಕ್ಕದ ಕೋಣೆಯ ಅಕ್ಕ ಹೇಳಿದ್ದಳಂತೆ. ಒಂದು ಕೆಲಸ ಆಗಬೇಕು ಎಂದರು.

ಈ ಊರಿನಲ್ಲಿ ಒಂದು ಪದ್ಧತಿ ಇದೆ. ಯುಗಾದಿಯ ಹಿಂದಿನ ದಿನ, ಬೆಳಗಾಗುವ ಹೊತ್ತಿಗೆ, ಒಬ್ಬ ಹೆಂಗಸು ಕೋಟೆಯ ಬಾಗಿಲ ಕಲ್ಲಿಗೆ ಬಿಳಿ ನೂಲಿನ ತುದಿ ಕಟ್ಟಿ, ಉಂಡೆ ಬಿಚ್ಚುತ್ತ ಗೋಡೆಯ ಉದ್ದಕ್ಕೂ ನಡೆದು ಮತ್ತೆ ಅದೇ ಕಲ್ಲಿಗೆ ಬರುತ್ತಾಳೆ. ಹೊಸ ವರ್ಷಕ್ಕೆ ಊರಿಗೆ ಕಾವಲು ಕಟ್ಟಿದ ಹಾಗೆ. ಗೋಡೆ ಇದ್ದ ಕಡೆ ಗೋಡೆಯ ಮೇಲೆ ನೂಲು, ಗೋಡೆ ಇಲ್ಲದ ಕಡೆ ನೂಲೇ ಗೋಡೆ. ಮನೆಗೊಂದು ವರ್ಷ ಸರದಿ. ಈ ವರ್ಷ ಆಂಟಿಯ ಮನೆಯದು. ಆದರೆ ನೂಲು ಹಿಡಿಯುವವಳು ಮುತ್ತೈದೆಯಾಗಿರಬೇಕು, ಆದ್ದರಿಂದ ಸರದಿಯನ್ನು ಮುಂದಿನ ಮನೆಗೆ ಕೊಡಿ ಎಂದು ಊರಿನ ಹಿರಿಯರು ಹೇಳಿಕಳಿಸಿದ್ದರು.

ಆಂಟಿಗೆ ಸರದಿ ಬಿಡುವ ಮನಸ್ಸಿರಲಿಲ್ಲ.

‘ನಾನ್ ಮದ್ವೆಯಾಗಿ ಬಂದ್ ವರ್ಸ ನಮ್ಮತ್ತೆ ಸರದಿ. ಇಂದ್ಗಡೆ ನನ್ನೂ ಕರ್ಕೊಂಡೋಗಿದ್ರು. ಅದೊಂದ್ ದಿನ ಕಣವ್ವ ನಾನ್ ಈ ಊರ್ನ ಪೂರ್ತಿ ನೋಡಿದ್ದು. ಆವತ್ತಿಂದ ಕಾಯ್ತಾ ಇವ್ನಿ. ಇನ್ನೊಂದ್ ಸುತ್ತು ಬರೋ ಒತ್ಗೆ ನಾನ್ ಇರಲ್ಲ.’

ನನ್ನ ಸ್ಥಿತಿ ನೋಡಿ. ನೂಲಿನಿಂದ ಊರಿಗೆ ಕಾವಲು ಆಗುತ್ತದೆ ಎನ್ನುವುದನ್ನು ನಾನು ಒಂದು ಕ್ಷಣಕ್ಕೂ ನಂಬುವುದಿಲ್ಲ. ಅದೇ ನೂಲನ್ನು ಹಿಡಿಯುವ ಆಂಟಿಯ ಹಕ್ಕಿಗಾಗಿ ಹಿರಿಯರ ಮುಂದೆ ವಾದಿಸಬೇಕು. ಆದರೆ ಚರ್ಚೆಯಲ್ಲಿ ಪಳಗಿದವರಿಗೆ ಇದು ಹೊಸದಲ್ಲ. ಚೀಟಿಯಲ್ಲಿ ಯಾವ ಪಕ್ಷ ಬಂತೋ ಅದನ್ನೇ ಹಿಡಿದು ನಿಲ್ಲುತ್ತೇವೆ. ಇಲ್ಲಿ ಪಕ್ಷವೂ ಸರಿಯಾಗಿಯೇ ಇತ್ತು. ಗಂಡ ಸತ್ತ ಮಾತ್ರಕ್ಕೆ ಒಬ್ಬಳ ಕಾಲು ಗೋಡೆಯ ಮೇಲೆ ನಡೆಯಲು ಲಾಯಕ್ಕಿಲ್ಲ ಎನ್ನುವುದನ್ನು ಮುರಿಯಲು ನನ್ನನ್ನು ಯಾರು ಕರೆದಿದ್ದರೂ ಹೋಗುತ್ತಿದ್ದೆ. ಒಪ್ಪಿದೆ.

ಮುಂದಿನ ಭಾನುವಾರ ಆಂಟಿ ಗೋಡೆಯ ಪಕ್ಕದಲ್ಲಿ ಹಸು ಹೊಡೆದುಕೊಂಡು, ನಾನು ಗೋಡೆಯ ಮೇಲೆ, ಹೀಗೆ ನಡೆಯುತ್ತ ತಾಲೀಮು ಮಾಡಿದೆವು. ಸರದಿ ಆಗುವ ಮೊದಲು ತಾನು ಮೇಲೆ ಹತ್ತುವುದಿಲ್ಲ ಎಂದು ಅವರ ಹಟ. ಎದುರು ಪಕ್ಷ ಅವರದು. ಹಿರಿಯರು ಏನೇನು ಹೇಳಬಹುದೋ ಎಲ್ಲವನ್ನೂ ಅವರದೇ ಧ್ವನಿಯಲ್ಲಿ ಹೇಳಿದರು. ಅನಿಷ್ಟ ಅಂತಾರೆ, ಮಳೆ ನಿಂತೋಗ್ತದೆ ಅಂತಾರೆ, ಕೆಮ್ಮಿ ಎಲೆಅಡಿಕೆ ಉಗಿದು ಇನ್ನೊಂದು ಸಲ ಅದನ್ನೇ ಅಂತಾರೆ. ಹಸು ನಿಂತಾಗ ನಿಂತು, ನಡೆದಾಗ ನಡೆದು, ಬಿಸಿಲೇರುವ ಹೊತ್ತಿಗೆ ನನ್ನ ವಾದ ಸಾಣೆ ಹಿಡಿದ ಕುಡುಗೋಲಿನ ಹಾಗಾಗಿತ್ತು.

ಅಂದು ಸಂಜೆ ಊರಿನ ಹಿರಿಯರು ಅರಳಿಕಟ್ಟೆಯ ಮೇಲೆ ಸೇರಿದರು. ನಡುವೆ ಕೂತವರು ಊರ ಯಜಮಾನರು, ಆಂಟಿಗೆ ಸಂಬಂಧದಲ್ಲಿ ಚಿಕ್ಕಮಾವ. ನಾನು ಎದ್ದು ನಿಲ್ಲುತ್ತಿದ್ದಂತೆ ಅವರು ಸುತ್ತ ನೋಡಿ, ಬಾಡಿಗೆಯವರು ಊರ ನ್ಯಾಯ ಹೇಳುವುದಕ್ಕೆ ಯಾವಾಗಿನಿಂದ ಶುರುಮಾಡಿದರು ಎಂದು ಕೇಳಿದರು. ಎಲ್ಲರೂ ನಕ್ಕರು. ನನಗಿಂತ ಚೆನ್ನಾಗಿ ಮಾತಾಡುತ್ತಾಳೆ ಅಂತ ನಾನೇ ಕರೆತಂದೆ ಎಂದು ಆಂಟಿ ತಲೆ ತಗ್ಗಿಸದೆ ಹೇಳಿದರು.

ಮಾತಾಡಿದೆ. ಹಿಂದೆ ನೂಲನ್ನು ಮನೆಯಲ್ಲೇ ನೂಲುತ್ತಿದ್ದರು, ಈಗ ಹೆಬ್ಬಗೋಡಿಯ ಅಂಗಡಿಯಿಂದ ತರುತ್ತಾರೆ. ಹಿಂದೆ ತಮಟೆಯವರು ಮುಂದೆ ನಡೆಯುತ್ತಿದ್ದರು, ಈಗ ಇಲ್ಲ. ಕಾರ್ಖಾನೆ ಬಂದಾಗ ಗೋಡೆಯ ಮೇಲಿದ್ದ ದಾರಿ ಕಾಂಪೌಂಡಿನ ಹೊರಗೆ ಸರಿಯಿತು. ರಸ್ತೆ ಬಂದಾಗ ಅಲ್ಲಿ ಗೋಡೆಯೇ ಹೋಯಿತು. ನೂಲು ಬದಲಾಯಿತು, ದಾರಿ ಬದಲಾಯಿತು, ಗೋಡೆ ಮುಕ್ಕಾಲು ಪಾಲು ಇಲ್ಲವೇ ಇಲ್ಲ. ಇಷ್ಟೆಲ್ಲವನ್ನೂ ಕಾಲಕ್ಕೆ ತಕ್ಕ ಹಾಗೆ ಬಿಟ್ಟುಕೊಟ್ಟ ಊರು ಒಬ್ಬ ಹೆಂಗಸಿನ ಕುಂಕುಮವನ್ನು ಮಾತ್ರ ಕಲ್ಲಿನ ಹಾಗೆ ಹಿಡಿದು ಕೂತಿರುವುದು ಯಾಕೆ? ಗೋಡೆಯೇ ಜರುಗಿರುವಾಗ ಈ ಒಂದು ನಿಯಮ ಜರುಗಬಾರದೇ?

ಯಜಮಾನರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ನಿಧಾನಕ್ಕೆ ಒರೆಸಿದರು.

‘ಮಗೀಗೆ ಬಾಯಿ ಐತೆ. ಏಳಿದ್ದೆಲ್ಲ ದಿಟವೇ. ಗ್ವಾಡೆನೇ ಇಲ್ಲ. ಇಲ್ದಿದ್ ಗ್ವಾಡೆಗೆ ನೂಲು ಯಾಕೆ? ಈ ವರ್ಸದಿಂದ ಊರು ಸುತ್ತಲ್ಲ. ಬುಡಿ ಅತ್ಲಾಗೆ.’

ಯಾರೂ ವಿರೋಧಿಸಲಿಲ್ಲ. ಕೆಲವರ ಮುಖದಲ್ಲಿ ನೆಮ್ಮದಿ ಕಂಡಿತು. ರಸ್ತೆ ದಾಟುವ ಕಷ್ಟ, ಅಪಾರ್ಟ್‌ಮೆಂಟಿನವರನ್ನು ಕೇಳಿಕೊಳ್ಳುವ ಕಷ್ಟ, ಎಲ್ಲವೂ ಒಂದೇ ಮಾತಿಗೆ ತೀರಿತು. ಪಂಚೆ ಕೊಡವಿಕೊಂಡು ಎದ್ದರು. ಪರ ಇರುತ್ತದೆ, ವಿರೋಧ ಇರುತ್ತದೆ ಎಂದು ನನಗೆ ಕಲಿಸಿದ್ದರು. ತೀರ್ಪುಗಾರರು ವಿಷಯವನ್ನೇ ಮಡಿಚಿ ಕಿಸೆಗೆ ಹಾಕಿಕೊಂಡು ಮನೆಗೆ ಹೋದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ದಾರಿಯಲ್ಲಿ ಆಂಟಿ ಮುಂದೆ ಮುಂದೆ ನಡೆದರು. ನಾನು ಏನೋ ಹೇಳಹೊರಟೆ. ನೀನು ಸರಿಯಾಗಿಯೇ ಮಾತಾಡಿದೆ ಎಂದಷ್ಟೇ ಹೇಳಿ ಹಸುವಿಗೆ ಹುಲ್ಲು ಹಾಕಲು ಹೋದರು. ಮೇಲೆ ಬಟ್ಟೆ ಮಡಿಚುತ್ತಿದ್ದ ಪಕ್ಕದ ಕೋಣೆಯ ಅಕ್ಕ ನನ್ನ ಮುಖ ನೋಡಿ ಎಲ್ಲವನ್ನೂ ಹೇಳಿಸಿಕೊಂಡಳು. ಆಮೇಲೆ ಅಂದಳು, ‘ಭಾಷಣ ಗೆದ್ದಿ, ಕೋಟಿ ಕಳದಿ ನೋಡವಾ.’

ಯುಗಾದಿಯ ಹಿಂದಿನ ದಿನ ನನಗೆ ಆಫೀಸಿಗೆ ರಜೆ ಇತ್ತು. ಹೊರಗೆ ಇನ್ನೂ ಬೂದಿಬಣ್ಣದ ಬೆಳಕಿರುವಾಗ ಬಾಗಿಲು ಸದ್ದಾಯಿತು. ಆಂಟಿ ನಿಂತಿದ್ದರು. ತಲೆಗೆ ಸ್ನಾನ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ತೆಂಗಿನಕಾಯಿ ಗಾತ್ರದ ನೂಲಿನ ಉಂಡೆ.

‘ಬೂಟ್ಸ್ ಆಕೊ.’

‘ಸುತ್ತಲ್ಲ ಅಂದ್ರಲ್ಲ ಆಂಟಿ?’

‘ಊರು ಸುತ್ತಲ್ಲ ಅಂದ್ರು. ನನಗ್ಯಾರು ಏನಂದ್ರು?’

ನಿದ್ದೆಗಣ್ಣಿನಲ್ಲೇ ಆ ವಾದದಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ. ಊರು ಪದ್ಧತಿಯನ್ನು ಕೈಬಿಟ್ಟ ಮೇಲೆ ಪದ್ಧತಿಯ ನಿಯಮವೂ ಊರಿನ ಕೈಯಲ್ಲಿರುವುದಿಲ್ಲ. ಇಷ್ಟು ಅಚ್ಚುಕಟ್ಟಾದದ್ದು ಅರಳಿಕಟ್ಟೆಯಲ್ಲಿ ನನಗೆ ಹೊಳೆದಿರಲಿಲ್ಲ. ಪಕ್ಕದ ಕೋಣೆಯ ಅಕ್ಕ ಆಗಲೇ ತಲೆಗೆ ಟವೆಲು ಸುತ್ತಿ ಸಿದ್ಧಳಾಗಿದ್ದಳು. ಅವಳನ್ನು ರಾತ್ರಿಯೇ ಕೇಳಿದ್ದರಂತೆ, ನನ್ನನ್ನು ಕೇಳಿದರೆ ವಾದಕ್ಕೆ ಇಳಿಯುತ್ತೇನೆಂದು ಬಿಟ್ಟಿದ್ದರಂತೆ.

ಬಾಗಿಲ ಕಲ್ಲಿಗೆ ತುದಿ ಕಟ್ಟುವ ಮುಂಚೆ ಆಂಟಿ ನನ್ನ ಕಡೆ ತಿರುಗಿ, ನೂಲು ಹಿಡಿದವಳು ಸುತ್ತು ಮುಗಿಯುವ ತನಕ ಬಾಯಿ ಬಿಡುವಂತಿಲ್ಲ ಎಂದರು. ‘ಯಾರಾದ್ರೂ ಕೇಳುದ್ರೆ ನೀನ್ ಮಾತಾಡು. ಅದು ನಿನಗೆ ಬತ್ತದಲ್ಲ.’ ಸುತ್ತಿಗೆ ಮೊದಲು ಅದೇ ಅವರ ಕೊನೆಯ ಮಾತು.

ಆಮೇಲಿನದನ್ನು ನಾನು ಎಚ್ಚರದಲ್ಲಿ ನೋಡಿದೆನೋ ಇಲ್ಲವೋ ಎಂದು ಈಗಲೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ಚಳಿಗಾಲ ಮುಗಿದಿದ್ದರೂ ಅಂದು ಮಂಜು ಮೊಣಕಾಲಿನವರೆಗಿತ್ತು. ಆಂಟಿ ಶಾಲೆಯ ಹಿಂದೆ ಗೋಡೆ ಹತ್ತಿದರು. ದಿನಾ ಮೆಟ್ಟಿಲಿಗೆ ನರಳುವ ಹೆಂಗಸು ಒಂದು ಸಲವೂ ಕೈಯೂರಲಿಲ್ಲ. ನೂಲು ಅವರ ಬೆರಳುಗಳ ನಡುವಿನಿಂದ ಜಾರಿ ಲಂಟಾನದ ಮೇಲೆ, ಎಕ್ಕದ ಮೇಲೆ, ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಬೀಳುತ್ತ ಬಂತು. ಹಿಂದೆ ತಿರುಗಿ ನೋಡಿದರೆ ಮಂಜಿನಲ್ಲಿ ಅದು ಕಾಣುತ್ತಿರಲಿಲ್ಲ. ಇಬ್ಬನಿ ಕೂತ ಕಡೆ ಮಾತ್ರ ಒಂದು ಬೆಳ್ಳನೆಯ ಗೀಟು ಇದ್ದಕ್ಕಿದ್ದಂತೆ ಹುಟ್ಟಿ ಇದ್ದಕ್ಕಿದ್ದಂತೆ ಮುಗಿಯುತ್ತಿತ್ತು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಯಾವ ಫ್ಲಾಟು ಮೇಡಂ ಎಂದು ಕೇಳಿದ. ಫ್ಲಾಟಿಗಲ್ಲ, ಬುರುಜಿಗೆ ಎಂದೆ. ಆ ಹೆಸರಿನವರು ಯಾರೂ ಇಲ್ಲ ಎಂದ. ನಾನು ವಿವರಿಸುತ್ತಿರುವಾಗಲೇ ಆಂಟಿ ಅವನನ್ನು ನೋಡದೆ, ನನ್ನನ್ನೂ ನೋಡದೆ, ಗೇಟಿನ ಸಂದಿಯಲ್ಲಿ ಒಳಗೆ ನಡೆದಿದ್ದರು. ಅವನು ನೂಲನ್ನು ನೋಡಿದ, ಅವರನ್ನು ನೋಡಿದ, ಕೂಗಲು ತೆರೆದ ಬಾಯಿಯನ್ನು ಮುಚ್ಚಿದ. ಅವನ ಊರಿನಲ್ಲಿಯೂ ಇಂಥದ್ದೇನಾದರೂ ಇರಬೇಕು. ಬುರುಜಿನ ಮೇಲೆ ಹಾಸಿದ ಚಾಪೆಗಳಲ್ಲಿ ನಾಲ್ಕಾರು ಜನ ಕಣ್ಣು ಮುಚ್ಚಿ ಉಸಿರು ಎಳೆದು ಬಿಡುತ್ತಿದ್ದರು. ಆಂಟಿ ಅವರ ನಡುವೆಯೇ ಹಾದು ತುದಿಗೆ ಹೋಗಿ ನಿಂತರು.

ಅಲ್ಲಿಂದ ಊರು ಪೂರ್ತಿ ಕಾಣುತ್ತದೆ. ತಗಡು, ನೀರಿನ ಟ್ಯಾಂಕು, ಒಣಗುವ ಯೂನಿಫಾರಂ, ಡಿಶ್ಶುಗಳು, ಆಚೆಗೆ ಬುಡವಿಲ್ಲದ ಗಾಜಿನ ಗೋಪುರಗಳು. ಅವರು ಎಷ್ಟು ಹೊತ್ತು ನಿಂತಿದ್ದರೋ. ಏನು ನೋಡಿದರೆಂದು ಕೇಳುವಂತಿರಲಿಲ್ಲ. ಅವರ ಕಣ್ಣು ಒಂದೊಂದೇ ಮನೆಯ ಮೇಲೆ ನಿಂತು ಮುಂದೆ ಹೋಗುತ್ತಿತ್ತು. ಮದುವೆಯಾಗಿ ಬಂದ ವರ್ಷ ನೋಡಿದ್ದನ್ನು ಇದರ ಅಡಿಯಲ್ಲಿ ಹುಡುಕುತ್ತಿದ್ದರೋ, ಇದನ್ನೇ ನೋಡುತ್ತಿದ್ದರೋ, ಎರಡಕ್ಕೂ ನನ್ನ ಹತ್ತಿರ ಆಧಾರವಿಲ್ಲ.

ಕಾರ್ಖಾನೆಯ ಹಿಂದೆ ಕಾಂಪೌಂಡಿಗೂ ಚರಂಡಿಗೂ ನಡುವೆ ಒಂದಡಿ ಜಾಗ. ಗೋಡೆಗೆ ಮೈ ಒತ್ತಿಕೊಂಡು ಒಬ್ಬರ ಹಿಂದೆ ಒಬ್ಬರು ಸರಿದೆವು. ಒಳಗಿನ ಯಂತ್ರದ ನಡುಕ ಇಟ್ಟಿಗೆಯ ಮೂಲಕ ಬೆನ್ನಿಗೆ ಬರುತ್ತಿತ್ತು. ರಸ್ತೆಯಲ್ಲಿ ಕಂಪನಿ ಬಸ್ಸುಗಳ ಸಾಲು. ಅಕ್ಕ ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ನಿಂತು, ‘ನಿಂದ್ರಪಾ ಯಣ್ಣಾ, ಕೋಟಿ ದಾಟಾಕತ್ತೈತಿ’ ಎಂದಳು. ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಎಮ್ಮೆಯ ವಿಷಯ ಎತ್ತುತ್ತಿದ್ದೆ. ಬಸ್ಸುಗಳು ನಿಂತವು. ಕಿಟಕಿಗಳಲ್ಲಿ ನಿದ್ದೆಯ ಮುಖಗಳು ನಮ್ಮನ್ನು ಕನಸಿನಲ್ಲಿ ಕಂಡ ಹಾಗೆ ನೋಡಿದವು. ನಾವು ದಾಟಿದ ಮೇಲೆ ಟೈರುಗಳು ನೂಲಿನ ಮೇಲೆ ಹಾದವು. ನೂಲು ಕಡಿಯಲಿಲ್ಲ. ಇದರಲ್ಲಿ ಪವಾಡವಿಲ್ಲ, ಸಡಿಲವಾಗಿ ನೆಲಕ್ಕೆ ಒರಗಿದ ನೂಲು ಅಷ್ಟು ಬೇಗ ಕಡಿಯುವುದಿಲ್ಲ. ಆದರೂ ನಾನು ಉಸಿರು ಹಿಡಿದು ನೋಡಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಗುಜರಿಯ ಆಚೆ, ಕೆರೆಯ ಪಕ್ಕದ ತುಂಡು ಎಲ್ಲಕ್ಕಿಂತ ಉದ್ದ. ಬಿಸಿಲು ಬಂತು, ಮಂಜು ನೀರಿನ ಮೇಲಿಂದ ಸುರುಳಿಯಾಗಿ ಎದ್ದು ಹೋಯಿತು, ಉಂಡೆ ಕರಗಿ ಕರಗಿ ನಿಂಬೆಹಣ್ಣಿನಷ್ಟಾಯಿತು. ಬಾಗಿಲ ಕಲ್ಲು ಬರುವ ಹೊತ್ತಿಗೆ ಅಂಗೈಯಲ್ಲಿ ಮಾರುದ್ದದ ನೂಲಷ್ಟೇ ಉಳಿದಿತ್ತು.

ಆ ಕಲ್ಲು ಯಜಮಾನರ ಮನೆಯ ಮುಂದೆಯೇ ಇದೆ. ಕೊನೆಗೆ ನೂಲು ಅವರ ಗೇಟಿಗೆ ಅಡ್ಡಲಾಗಿ, ಸೊಂಟದ ಎತ್ತರಕ್ಕೆ ಬಿಗಿಯಾಗಿ ನಿಂತಿತು. ಎರಡು ತುದಿಗಳೂ ಕಲ್ಲಿನ ಹತ್ತಿರ ಸೇರಿದವು. ಗಂಟು ಹಾಕಲು ನಾನು ಕೈ ಚಾಚಿದೆ. ಆಂಟಿ ತುದಿಯನ್ನು ಹಿಂದಕ್ಕೆ ಎಳೆದುಕೊಂಡು ತಲೆಯಾಡಿಸಿದರು. ಎದುರಿನ ಮನೆಯನ್ನು, ಅದರ ಪಕ್ಕದ ಮನೆಯನ್ನು ಕಣ್ಣಿನಲ್ಲೇ ತೋರಿಸಿದರು. ಅರ್ಥವಾಯಿತು: ಗಂಟು ಹಾಕುವುದು ಊರಿನ ಇನ್ನೊಂದು ಮನೆಯವರು. ನೂಲು ಹಿಡಿದವಳೂ ಅಲ್ಲ, ಬಾಡಿಗೆಯವಳೂ ಅಲ್ಲ. ಸುತ್ತದಿರುವ ಊರಿನಲ್ಲಿ ಯಾರು ಬಂದು ಹಾಕುತ್ತಾರೆ? ಎದುರು ಮನೆಯ ಬಾಗಿಲು ಅರ್ಧ ತೆರೆದು ಮುಚ್ಚಿಕೊಂಡಿತು. ಆಂಟಿ ನಿಂತೇ ಇದ್ದರು. ನೂಲು ಹಿಡಿದ ಬೆರಳ ತುದಿ ಬಿಳಿಚಿಕೊಂಡಿತ್ತು.

ಆಗ ಗೇಟು ತೆರೆದು ಕಾರು ಹೊರಗೆ ಬಂತು. ನೂಲಿಗೆ ಮೂಗು ತಾಗಿಸುವ ಹಾಗೆ ನಿಂತಿತು. ಹಿಂದಿನ ಬಾಗಿಲಿನಿಂದ ಯಜಮಾನರು ಇಳಿದರು. ಗರಿಗರಿ ಬಿಳಿ ಪಂಚೆ, ಎಲ್ಲೋ ಅಮಾವಾಸ್ಯೆ ಪೂಜೆಗೆ ಹೊರಟಿದ್ದರು.

‘ಏನವ್ವ ಇದು? ಯಾರನ್ನ ಕೇಳಿ ಸುತ್ತುದೆ?’

ಆಂಟಿ ಅವರ ಮುಖವನ್ನೇ ನೋಡುತ್ತ ನಿಂತರು. ಯಜಮಾನರು ಇನ್ನೊಮ್ಮೆ ಕೇಳಲು ಬಾಯಿ ತೆರೆದು ತಡೆದರು. ದನಿ ತಗ್ಗಿಸಿ, ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು:

‘ಮಾತಾಡಂಗಿಲ್ಲ ಅಲ್ವಾ ಅವ್ಳು.’

ಹಾಗೆಂದು ನನ್ನ ಕಡೆ ತಿರುಗಿದರು. ನನ್ನ ಹತ್ತಿರ ಇಡೀ ಭಾಷಣವೇ ಇತ್ತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ‘ಊರು ಸುತ್ತಲ್ಲ ಅಂದ್ರಿ ಸಾರ್. ಆಂಟಿ ಸುತ್ತಬಾರ್ದು ಅನ್ನಲಿಲ್ಲ,’ ಎಂದಷ್ಟೇ ಹೇಳಿದೆ. ಅದೂ ನನ್ನ ವಾದವಲ್ಲ.

ಡ್ರೈವರ್ ಹಾರನ್ ಒತ್ತಿದ. ಯಜಮಾನರು ನೂಲಿನ ಹತ್ತಿರ ಬಂದು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದರು. ಆಂಟಿ ತಮ್ಮ ಕೈಯಲ್ಲಿದ್ದುದನ್ನು ಅಷ್ಟೇ ಅಷ್ಟಾಗಿ ಸಡಿಲ ಬಿಟ್ಟರು. ಕಾರು ಅವರ ಕೈಯ ಕೆಳಗೆ ಹಾದು ಆಚೆ ಹೋಗಿ, ಬಾಗಿಲು ತೆರೆದುಕೊಂಡು ಕಾಯುತ್ತ ನಿಂತಿತು. ಯಜಮಾನರು ಹತ್ತಲಿಲ್ಲ. ನೂಲು ಬೆರಳಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ಕಲ್ಲಿನವರೆಗೆ ನಡೆದು ಬಂದರು.

ಆಂಟಿ ಎರಡೂ ತುದಿಗಳನ್ನು ಜೋಡಿಸಿ ಅವರ ಮುಂದೆ ಹಿಡಿದರು. ಯಜಮಾನರ ಕನ್ನಡಕ ಕಾರಿನಲ್ಲೇ ಉಳಿದಿತ್ತು. ಮೊದಲ ಗಂಟು ಜಾರಿತು. ಎರಡನೆಯದೂ ಜಾರಿತು. ನಾನು ಹೇಳಿಕೊಡಲು ಹೊರಟೆ, ಅಕ್ಕ ನನ್ನ ಮೊಣಕೈ ಹಿಂಡಿದಳು. ಅವರು ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಕಣ್ಣಿಗೆ ತೀರ ಹತ್ತಿರ ತಂದು, ಮತ್ತೆ ಕಟ್ಟಿದರು. ಈ ಸಲ ನಿಂತಿತು. ಎಳೆದು ನೋಡಿದರು.

ಆಂಟಿ ಉಸಿರು ಬಿಟ್ಟರು. ಗಂಟಲು ಸರಿಮಾಡಿಕೊಂಡರು.

‘ಪೂಜೆಗೆ ಒತ್ತಾಯ್ತು. ಒರಡಿ, ಮಾವ.’